ಪೆಡಲ್ ಇಳಿಯುತ್ತಿರುವುದು ನಿಮಗೆ ಗೊತ್ತು

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿ ಮುಂದಿನ ಬಸ್ಸು ನಿಂತಿದೆ. ನೀವು ನಿಮ್ಮ ಹಳೆಯ ಕಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟು ಕಾಯುತ್ತಿದ್ದೀರಿ. ಕಾಲಿನ ಒತ್ತು ಬದಲಾಗಿಲ್ಲ, ಆದರೂ ಪೆಡಲ್ ಮೆಲ್ಲಗೆ ಕೆಳಗಿಳಿಯುತ್ತಿದೆ. ಕಾಲೆತ್ತಿ ಇನ್ನೊಮ್ಮೆ ಒತ್ತಿದರೆ ಗಟ್ಟಿಯಾಗುತ್ತದೆ. ಸರಿಹೋಯಿತು ಎಂದುಕೊಂಡು ಮುಂದೆ ಹೋಗುತ್ತೀರಿ. ಸರಿಹೋಗಿಲ್ಲ. ಬಾನೆಟ್ ಕೆಳಗೆ ಮಾಸ್ಟರ್ ಸಿಲಿಂಡರ್‌ನ ಒಳಗಿರುವ ರಬ್ಬರ್ ವಾಷರ್ ಸವೆದಿದೆ. ನೀವು ಒತ್ತಿದ ಎಣ್ಣೆ ಅದನ್ನು ದಾಟಿ ಹಿಂದಕ್ಕೆ ನುಸುಳುತ್ತಿದೆ. ಆ ಇಳಿತವನ್ನು ಕಾಲಿನಲ್ಲಿ ಕಂಡೂ ಗಾಡಿ ಓಡಿಸುತ್ತಿರುವ ಪ್ರತಿಯೊಬ್ಬರನ್ನೂ ಉದ್ದೇಶಿಸಿ ನಾನಿದನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆ ಹಳೆಯ ಕಾರೆಂದರೆ ದುಡಿಯುವ ಕಾರು. ಬೆಂಗಳೂರಿನಲ್ಲಿ ವರ್ಷಗಟ್ಟಲೆ ಓಡಿ, ಎರಡನೆಯ ಮೂರನೆಯ ಕೈ ದಾಟಿ ಗೌರಿಬಿದನೂರಿಗೋ ಚಿಂತಾಮಣಿಗೋ ಬಂದು ಸೇರುತ್ತದೆ. ಮಾರುತಿ 800 ತಯಾರಿಕೆ 2014ರ ಜನವರಿಯಲ್ಲೇ ನಿಂತಿತು. ಓಮ್ನಿ, ಸುಮೋಗಳು 2019ರಲ್ಲಿ ನಿಂತವು. ಇವತ್ತು ನಮ್ಮ ರಸ್ತೆಯಲ್ಲಿ ಕಾಣುವ 800 ಯಾವುದೇ ಇರಲಿ, ಅದಕ್ಕೆ ಹತ್ತು ವರ್ಷ ದಾಟಿದೆ. ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಗೆ ಬೆಳಗಿನ ಜಾವ ಗೂಡು ಸಾಗಿಸುವುದು, ಚಿಂತಾಮಣಿಯ ಮಂಡಿಗೆ ಟೊಮೆಟೊ ಕ್ರೇಟು ಮುಟ್ಟಿಸುವುದು, ಮಕ್ಕಳನ್ನು ಶಾಲೆಗೆ, ಕೂಲಿ ಹೆಂಗಸರನ್ನು ತೋಟಕ್ಕೆ, ತುಂಬಿದ ಬಸುರಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದು ಇಂಥ ಗಾಡಿಗಳೇ. ಇವುಗಳನ್ನೆಲ್ಲ ಗುಜರಿಗೆ ಹಾಕಿ ಎನ್ನುವವರ ಜೊತೆ ನಾನಿಲ್ಲ. ಹೊಸ ಕಾರು ಕೊಳ್ಳಲಾಗದವನಿಗೂ ಕಾರು ಬೇಕು. ಚೆನ್ನಾಗಿ ನೋಡಿಕೊಂಡ ಇಪ್ಪತ್ತು ವರ್ಷದ ಅಂಬಾಸಿಡರ್‌ನಲ್ಲಿ ನನ್ನ ಮನೆಯವರನ್ನು ನಿಶ್ಚಿಂತೆಯಿಂದ ಕೂರಿಸುತ್ತೇನೆ. ಬ್ರೇಕ್ ಇಳಿಯುವ ಐದು ವರ್ಷದ ಕಾರಿನಲ್ಲಿ ಕೂರಿಸಲಾರೆ.

ಮಾಸ್ಟರ್ ಸಿಲಿಂಡರ್ ಕೆಲಸ ಮಾಡುವ ಬಗೆ ಕಷ್ಟದ್ದೇನಲ್ಲ. ಹೋಳಿಯ ಪಿಚಕಾರಿಯನ್ನು ನೆನೆಸಿಕೊಳ್ಳಿ. ನೀವು ಪೆಡಲ್ ಒತ್ತಿದಾಗ ಒಂದು ಕಡ್ಡಿ ಪಿಸ್ಟನ್ನನ್ನು ತಳ್ಳುತ್ತದೆ, ಪಿಸ್ಟನ್ ಎಣ್ಣೆಯನ್ನು ತಳ್ಳುತ್ತದೆ, ಮುಚ್ಚಿದ ಪೈಪುಗಳಲ್ಲಿ ಆ ಒತ್ತಡ ನಾಲ್ಕೂ ಚಕ್ರಗಳಿಗೆ ಹರಿದು ಬ್ರೇಕ್ ಹಿಡಿಯುತ್ತದೆ. ದ್ರವದ ಮೇಲೆ ಒಂದು ಕಡೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಮುಟ್ಟುತ್ತದೆ ಎಂದು ಹೈಸ್ಕೂಲಿನಲ್ಲಿ ಓದಿದ ಪ್ಯಾಸ್ಕಲ್ ನಿಯಮವೇ ಇದು. ಪಿಸ್ಟನ್ನಿಗೂ ಸಿಲಿಂಡರ್ ಗೋಡೆಗೂ ನಡುವೆ ಎಣ್ಣೆಯನ್ನು ತಡೆದು ನಿಲ್ಲಿಸುವುದು ಬೆರಳಗಲದ ರಬ್ಬರ್ ವಾಷರ್‌ಗಳು. ಒಂದು ಟನ್ ತೂಕದ ಗಾಡಿ, ಅದರೊಳಗಿನ ಸಂಸಾರ, ಎದುರಿಗೆ ರಸ್ತೆ ದಾಟುತ್ತಿರುವ ಮುದುಕಿ, ಎಲ್ಲರ ಜೀವವೂ ಅವುಗಳ ಮೇಲೆ ನಿಂತಿದೆ.

ಅವು ಕೆಡುವ ಬಗೆಯೇ ಮೋಸದ್ದು. ಒಳಗಿನ ವಾಷರ್ ಸವೆದರೆ ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಬ್ರೇಕ್ ಎಣ್ಣೆಯ ಡಬ್ಬಿಯಲ್ಲಿ ಮಟ್ಟ ಇದ್ದಷ್ಟೇ ಇರುತ್ತದೆ, ಪೆಡಲ್ ಮಾತ್ರ ಇಳಿಯುತ್ತದೆ. ಹಿಂದಿನ ವಾಷರ್ ಹೋದರೆ ಎಣ್ಣೆ, ಕಾಲಿನ ಒತ್ತಿಗೆ ಬಲ ಕೂಡಿಸುವ ಬೂಸ್ಟರ್ ಒಳಕ್ಕೆ ಸೇರುತ್ತದೆ. ಆಗಲೂ ನೆಲದ ಮೇಲೆ ಕಲೆಯಿಲ್ಲ, ಡಬ್ಬಿ ಮಾತ್ರ ಬರಿದಾಗುತ್ತಾ ಹೋಗುತ್ತದೆ. ಚಕ್ರದ ಬಳಿ ಒದ್ದೆ ಕಂಡರೆ ತಪ್ಪು ಅಲ್ಲಿನ ಸಿಲಿಂಡರ್‌ನದೋ ಪೈಪಿನದೋ ಇರಬಹುದು, ಅದನ್ನು ಮೊದಲು ನೋಡಬೇಕು. ಎಲ್ಲೂ ಒದ್ದೆಯಿಲ್ಲದೆ ಪೆಡಲ್ ಇಳಿಯುತ್ತಿದ್ದರೆ ಅನುಮಾನ ಬೀಳಬೇಕಾದದ್ದು ಮಾಸ್ಟರ್ ಸಿಲಿಂಡರ್ ಮೇಲೆ. ಈಗಿನ ಗಾಡಿಗಳಲ್ಲಿ ಎರಡು ಕೋಣೆಗಳ ಸಿಲಿಂಡರ್ ಇರುತ್ತದೆ, ಒಂದು ಕೈಕೊಟ್ಟರೆ ಇನ್ನೊಂದು ಅರ್ಧ ಬ್ರೇಕನ್ನಾದರೂ ಕೊಡುತ್ತದೆ, ನಿಜ. ಆದರೆ ಒಂದು ವಾಷರ್‌ಗೆ ಎಷ್ಟು ವಯಸ್ಸಾಗಿದೆಯೋ ಇನ್ನೊಂದಕ್ಕೂ ಅಷ್ಟೇ ಆಗಿದೆ, ಎರಡೂ ಅದೇ ಎಣ್ಣೆಯಲ್ಲಿ ನೆನೆದಿವೆ. ‘ಇನ್ನೊಂದಿದೆಯಲ್ಲ’ ಎಂಬ ಧೈರ್ಯದ ಮೇಲೆ ಯಾರೂ ಮಕ್ಕಳನ್ನು ಕೂರಿಸಬಾರದು.

ಎಣ್ಣೆಯ ಮಾತು ಬಂತು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ಎಂದು ಬರೆದಿರುವ ಹೊಸ ಎಣ್ಣೆ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಕುಡಿದ ಮೇಲೆ ಅದು 140ಕ್ಕೇ ಕುದಿಯಬಹುದು. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. 1,478 ಮೀಟರ್ ಎತ್ತರದ ನಂದಿಬೆಟ್ಟದಿಂದ ಭಾನುವಾರ ಬೆಳಿಗ್ಗೆ ಟಾಪ್ ಗೇರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿಯುವವರು ಇದನ್ನು ತಿಳಿದಿರಬೇಕು. ಕುದಿದ ಎಣ್ಣೆಯಲ್ಲಿ ಆವಿ ಹುಟ್ಟುತ್ತದೆ, ಆವಿ ಕುಗ್ಗುತ್ತದೆ, ಪೆಡಲ್ ನೆಲ ಮುಟ್ಟುತ್ತದೆ. ಆ ತೇವವೇ ಸಿಲಿಂಡರ್‌ನ ಒಳಗೋಡೆಯಲ್ಲಿ ತುಕ್ಕು ಹಿಡಿಸಿ ಗುಂಡಿ ಮಾಡುತ್ತದೆ, ಆ ಗುಂಡಿಯೇ ವಾಷರನ್ನು ಕೊರೆಯುತ್ತದೆ. ಎರಡು ವರ್ಷಕ್ಕೊಮ್ಮೆ ಎಣ್ಣೆ ಬದಲಿಸಿ ಎಂದು ಹೇಳುವುದು ಇದಕ್ಕೇ. ನಿಮ್ಮ ಗಾಡಿಗೆ ಕೊನೆಯ ಸಲ ಯಾವಾಗ ಬದಲಿಸಿದಿರಿ? ಎಣ್ಣೆ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಉತ್ತರ ಅಲ್ಲೇ ಇದೆ.

ಈಗ ಗ್ಯಾರೇಜಿನ ಅಣ್ಣಂದಿರಲ್ಲಿ ಒಂದು ಮಾತು. ನಿಮ್ಮ ಕೈಗುಣದಿಂದಲೇ ನಮ್ಮ ಕಡೆಯ ಗಾಡಿಗಳು ಓಡುತ್ತಿವೆ, ಅದು ನನಗೆ ಗೊತ್ತು. ಗಿರಾಕಿ ಬಂದು ‘ಅಣ್ಣಾ, ಸದ್ಯಕ್ಕೆ ಏನಾದ್ರೂ ಮಾಡು, ಬೆಳೆ ಬಂದ್ಮೇಲೆ ಹೊಸದು ಹಾಕ್ಸೋಣ’ ಅನ್ನುತ್ತಾನೆ. ನೀವು ಕರಗಿ, ಗುಂಡಿಬಿದ್ದ ಹಳೆಯ ಸಿಲಿಂಡರ್‌ಗೇ ಹೊಸ ವಾಷರ್ ಕಿಟ್ ಹಾಕಿಕೊಡುತ್ತೀರಿ. ಪೆಡಲ್ ಗಟ್ಟಿಯಾಗುತ್ತದೆ, ಆತ ನಿಮ್ಮ ಬೆನ್ನು ತಟ್ಟಿ ಹೋಗುತ್ತಾನೆ. ಕೆಲವೇ ದಿನಗಳಲ್ಲಿ ಆ ಗುಂಡಿಗಳು ಹೊಸ ವಾಷರನ್ನೂ ತಿನ್ನುತ್ತವೆ. ದಯೆಯಿಂದ ಮಾಡಿದ ಆ ಕೆಲಸ ಅವನನ್ನು ಮೊದಲಿಗಿಂತ ದೊಡ್ಡ ಅಪಾಯಕ್ಕೆ ದೂಡುತ್ತದೆ, ಏಕೆಂದರೆ ಈಗ ಅವನಿಗೆ ಅನುಮಾನವೇ ಇಲ್ಲ. ಒಳಗೋಡೆಯ ಮೇಲೆ ಉಗುರು ಆಡಿಸಿ ನೋಡಿ; ಉಗುರು ತಡೆದರೆ ಕಿಟ್ ಮಾತೇ ಬೇಡ. ಅಲ್ಯೂಮಿನಿಯಂ ಸಿಲಿಂಡರನ್ನು ಉಜ್ಜಿ ನುಣುಪು ಮಾಡಲು ಹೋಗಬೇಡಿ, ಅದರ ಮೇಲ್ಪದರ ಹೋದರೆ ಅದು ಮತ್ತೆ ನಿಲ್ಲುವುದಿಲ್ಲ. ಎಣ್ಣೆ ಕಡಿಮೆಯಾಯಿತೆಂದು ಕೈಗೆ ಸಿಕ್ಕ ಇಂಜಿನ್ ಆಯಿಲ್ ಸುರಿಯುವುದಂತೂ ಕೊಲೆಗೆ ಸಮ. ಖನಿಜ ತೈಲ ತಾಗಿದ ವಾಷರ್ ಉಬ್ಬಿ ಇಡೀ ವ್ಯವಸ್ಥೆ ಕೆಡುತ್ತದೆ. ಭಾಗಗಳನ್ನು ಪೆಟ್ರೋಲ್, ಸೀಮೆಎಣ್ಣೆಯಲ್ಲಿ ತೊಳೆಯುವ ಅಭ್ಯಾಸವನ್ನೂ ಬಿಡಿ.

ಹೊಸ ಸಿಲಿಂಡರ್ ತಂದ ಮೇಲೂ ಕೆಲಸವನ್ನು ಅರ್ಧಕ್ಕೆ ಬಿಡಬೇಡಿ. ಪೈಪಿನ ನಟ್ಟುಗಳಿಗೆ ಫ್ಲೇರ್ ಸ್ಪ್ಯಾನರ್ ಹಾಕಿ; ಸಾಮಾನ್ಯ ಸ್ಪ್ಯಾನರ್ ಹಾಕಿದರೆ ಹಳೆಯ ನಟ್ಟಿನ ಮೂಲೆ ಸವೆಯುತ್ತದೆ, ಪೈಪ್ ತಿರುಚಿಕೊಂಡು ಸಿಗಿಯುತ್ತದೆ. ಗಾಡಿಗೆ ಕೂರಿಸುವ ಮುನ್ನ ಸಿಲಿಂಡರನ್ನು ವೈಸ್‌ಗೆ ಕಚ್ಚಿಸಿ, ಎಣ್ಣೆ ತುಂಬಿ, ಪಿಸ್ಟನ್ನನ್ನು ನಿಧಾನವಾಗಿ ಒತ್ತಿ ಒತ್ತಿ ಗುಳ್ಳೆ ನಿಲ್ಲುವವರೆಗೆ ಗಾಳಿ ಹೊರಡಿಸಿ. ಇದಕ್ಕೆ ಹಿಡಿಯುವ ಹೊತ್ತನ್ನು ಉಳಿಸಲು ಹೋಗಿ ಒಳಗೆ ಗಾಳಿ ಬಿಟ್ಟರೆ ಆಮೇಲೆ ಎಷ್ಟು ಪಂಪ್ ಮಾಡಿದರೂ ಪೆಡಲ್ ಮೆತ್ತಗೇ ಇರುತ್ತದೆ. ತಳ್ಳುವ ಕಡ್ಡಿಗೂ ಪಿಸ್ಟನ್ನಿಗೂ ನಡುವೆ ಇರಬೇಕಾದ ಕೂದಲೆಳೆಯ ಸಡಿಲ ಇದೆಯೇ ನೋಡಿ. ಇಲ್ಲದಿದ್ದರೆ ಬ್ರೇಕ್ ಬಿಡದೆ ಹಿಡಿದುಕೊಂಡು ಕಾವೇರುತ್ತದೆ. ನಂತರ ನಾಲ್ಕೂ ಚಕ್ರಗಳ ಏರ್ ತೆಗೆಯಿರಿ, ಆ ಮಾದರಿಗೆ ಕಂಪನಿ ಹೇಳಿದ ಕ್ರಮದಲ್ಲಿ. ಬಾಟಲಿಯಲ್ಲಿ ತಿಂಗಳುಗಟ್ಟಲೆ ಮುಚ್ಚಳ ತೆರೆದಿಟ್ಟ ಎಣ್ಣೆ ಬೇಡ, ಹೊಸದಾಗಿ ಒಡೆದದ್ದೇ ಹಾಕಿ. ಕಡೆಗೆ ನೀವೇ ಓಡಿಸಿ ನೋಡಿ, ಆಮೇಲೆ ಕೀ ಕೊಡಿ. ಗಿರಾಕಿ ಒಪ್ಪದಿದ್ದರೆ ಗಾಡಿ ಮುಟ್ಟುವುದಿಲ್ಲ ಎನ್ನಿ. ಒಬ್ಬ ಗಿರಾಕಿ ಪಕ್ಕದ ಗ್ಯಾರೇಜಿಗೆ ಹೋದಾನು, ಹೋಗಲಿ.

ಬಿಡಿಭಾಗ ಮಾರುವವರಿಗೂ ಇದು ಅನ್ವಯಿಸುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಸ್ಸಿನಲ್ಲಿ ಬರುವ ಪೊಟ್ಟಣದಲ್ಲಿ ಒರಿಜಿನಲ್ ಇರುತ್ತದೆ, ಅದರಂತೆಯೇ ಕಾಣುವ ಡೂಪ್ಲಿಕೇಟೂ ಇರುತ್ತದೆ. ಸೀಟ್ ಕವರ್‌ನಲ್ಲಿ ಡೂಪ್ಲಿಕೇಟ್ ಮಾರಿದರೆ ಗಿರಾಕಿಗೆ ದುಡ್ಡು ನಷ್ಟ. ಬ್ರೇಕ್‌ನಲ್ಲಿ ಮಾರಿದರೆ ಆಗುವ ನಷ್ಟವನ್ನು ಯಾರೂ ತುಂಬಿಕೊಡಲಾರರು.

ರಬ್ಬರ್ ವಾಷರ್‌ಗೆ ಇಷ್ಟೊಂದು ಮಾತೇ ಎನ್ನುವವರು 2010ನ್ನು ನೆನೆಯಲಿ. ಆ ವರ್ಷದ ಅಕ್ಟೋಬರ್‌ನಲ್ಲಿ ಟೊಯೊಟಾ ಕಂಪನಿ ಜಗತ್ತಿನಾದ್ಯಂತ ಸುಮಾರು 15 ಲಕ್ಷ ಕಾರುಗಳನ್ನು ವಾಪಸ್ ಕರೆಸಿತು. ಮುಖ್ಯ ಕಾರಣ, ಮಾಸ್ಟರ್ ಸಿಲಿಂಡರ್‌ನ ವಾಷರ್‌ನಿಂದ ಎಣ್ಣೆ ಸೋರಬಹುದು ಎಂಬುದು. ಅಷ್ಟು ದೊಡ್ಡ ಕಂಪನಿ ಅಷ್ಟು ಸಣ್ಣ ರಬ್ಬರಿಗೆ ಹೆದರಿತು, ಹೆದರಲೇಬೇಕಿತ್ತು. ತಯಾರಿಕೆಯೇ ನಿಂತುಹೋದ ನಮ್ಮ ಹಳೆಯ 800ನ್ನು ಸವೆದ ವಾಷರ್‌ಗಾಗಿ ಯಾವ ಕಂಪನಿಯೂ ವಾಪಸ್ ಕರೆಸುವುದಿಲ್ಲ. ಅದನ್ನು ಗ್ಯಾರೇಜಿಗೆ ಕರೆಸಬೇಕಾದವರು ನೀವೊಬ್ಬರೇ.

ಸರ್ಕಾರ ನೋಡಿಕೊಳ್ಳುತ್ತದೆ ಎಂದು ಕೂರುವಂತಿಲ್ಲ. ಹಳದಿ ಬೋರ್ಡಿನ ಗಾಡಿ ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಎಫ್‌ಸಿಗೆ, ಅಂದರೆ ಫಿಟ್‌ನೆಸ್ ಪರೀಕ್ಷೆಗೆ, ಹೋಗಬೇಕು. ಬಿಳಿ ಬೋರ್ಡಿನ ಸ್ವಂತ ಕಾರಿಗೆ ನೋಂದಣಿ 15 ವರ್ಷ ನಡೆಯುತ್ತದೆ. ಆ ಹದಿನೈದು ವರ್ಷ ಅದರ ಬ್ರೇಕ್ ಹೇಗಿದೆ ಎಂದು ಯಾವ ಅಧಿಕಾರಿಯೂ ಕೇಳುವುದಿಲ್ಲ. ಎಫ್‌ಸಿ ಆದ ಗಾಡಿಯ ವಾಷರ್ ಕೂಡ ಮರುದಿನವೇ ಹೋಗಬಹುದು. ಕಾನೂನು ಕೊನೆಗೆ ನಿಮ್ಮ ಕಡೆಗೇ ಬೆರಳು ತೋರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್ ಓದಿ ನೋಡಿ. ತನಗೆ ಗೊತ್ತಿರುವ, ಅಥವಾ ಸಾಮಾನ್ಯ ಎಚ್ಚರ ವಹಿಸಿದ್ದರೆ ಗೊತ್ತಾಗಬಹುದಾಗಿದ್ದ ದೋಷವಿರುವ ಗಾಡಿಯನ್ನು ಓಡಿಸುವವನಷ್ಟೇ ಅಲ್ಲ, ಓಡಿಸಲು ಬಿಡುವವನೂ ತಪ್ಪಿತಸ್ಥ. ಅದರಿಂದ ಅಪಘಾತವಾಗಿ ಯಾರಿಗಾದರೂ ಗಾಯವಾದರೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಆ ಶಿಕ್ಷೆ ಸಣ್ಣದು ಎನ್ನುವುದು ನನ್ನ ಅಭಿಪ್ರಾಯ. ಆದರೆ ‘ಗೊತ್ತಿರಲಿಲ್ಲ’ ಎಂಬ ನೆಪವನ್ನು ಆ ಸೆಕ್ಷನ್ ಮೊದಲೇ ಕಿತ್ತುಕೊಂಡಿದೆ, ಅಲ್ಲಿ ಅದು ಸರಿಯಾಗಿದೆ. ನಿಮ್ಮ ಕಾಲಿಗೆ ಗೊತ್ತಾದದ್ದು ನಿಮಗೂ ಗೊತ್ತು.

2023ರ ಅಕ್ಟೋಬರ್ 26ರ ಮುಂಜಾನೆ ಚಿಕ್ಕಬಳ್ಳಾಪುರದ ಬಳಿ ರಾಷ್ಟ್ರೀಯ ಹೆದ್ದಾರಿ 44ರಲ್ಲಿ, ಮಂಜಿನ ನಡುವೆ, ನಿಂತಿದ್ದ ಟ್ಯಾಂಕರ್‌ಗೆ ಟಾಟಾ ಸುಮೋ ಬಡಿದು ಹನ್ನೆರಡಕ್ಕೂ ಹೆಚ್ಚು ಜನ ಸತ್ತರು. ಕೂಲಿಗೆಂದು ಹೊರಟ ಬಡವರು. ಅದಕ್ಕೆ ಬ್ರೇಕ್ ಕಾರಣ ಎಂದು ನಾನು ಹೇಳುತ್ತಿಲ್ಲ. ಮಂಜು, ರಸ್ತೆಯಲ್ಲಿ ನಿಂತ ಲಾರಿ, ಇವೇ ಸಾಕಾಗಿದ್ದವು. ನಾನು ಹೇಳುವುದಿಷ್ಟು: ಅಂಥ ಮಂಜು ನಮ್ಮ ಕಡೆ ಪ್ರತಿ ಚಳಿಗಾಲ ಬೀಳುತ್ತದೆ, ಅಂಥ ಲಾರಿ ಪ್ರತಿ ರಾತ್ರಿ ನಿಲ್ಲುತ್ತದೆ, ಅಷ್ಟೇ ಜನ ಒಂದೇ ಗಾಡಿಯಲ್ಲಿ ಪ್ರತಿ ದಿನ ತುಂಬಿಕೊಳ್ಳುತ್ತಾರೆ. ದೇಶದಲ್ಲಿ 2022ರ ಒಂದೇ ವರ್ಷ ರಸ್ತೆಯಲ್ಲಿ ಸತ್ತವರು 1,68,491 ಮಂದಿ. ಬಹುಪಾಲು ಸಾವಿಗೆ ವೇಗ ಕಾರಣ. ವೇಗದ ತಪ್ಪನ್ನು ಕೊನೆಯ ಗಳಿಗೆಯಲ್ಲಾದರೂ ತಿದ್ದಿಕೊಳ್ಳಲು ಮನುಷ್ಯನಿಗೆ ಉಳಿದಿರುವುದು ಒಂದು ಪೆಡಲ್. ಅದನ್ನೂ ನಾವು ಕೆಡಿಸಿಟ್ಟುಕೊಂಡರೆ?

ನಮ್ಮ ಮುದ್ದೇನಹಳ್ಳಿಯ ಇಂಜಿನಿಯರ್ ವಿಶ್ವೇಶ್ವರಯ್ಯನವರು ವಿನ್ಯಾಸ ಮಾಡಿದ ಸ್ವಯಂಚಾಲಿತ ಗೇಟುಗಳನ್ನು 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಅಣೆಕಟ್ಟೆಗೆ ಅಳವಡಿಸಲಾಯಿತು. ನೀರು ಮಟ್ಟ ಮೀರಿದರೆ ಅವು ತಾವೇ ತೆರೆದುಕೊಳ್ಳುತ್ತಿದ್ದವು. ಕಾವಲುಗಾರ ಮರೆತರೂ ಗೇಟು ಮರೆಯುತ್ತಿರಲಿಲ್ಲ. ಹಳೆಯ ಕಾರಿನ ಬ್ರೇಕ್‌ಗೆ ಅಂಥ ಏರ್ಪಾಡಿಲ್ಲ. ಅಲ್ಲಿ ಕಾವಲುಗಾರ ನೀವೇ. ವಿಶ್ವೇಶ್ವರಯ್ಯನವರು ಹುಟ್ಟಿದ ನೆಲದಲ್ಲಿ ‘ಹೆಂಗೋ ಓಡುತ್ತೆ ಬಿಡಿ’ ಎಂಬ ಮಾತು ಗ್ಯಾರೇಜಿನಿಂದ ಗ್ಯಾರೇಜಿಗೆ ಕೇಳುವುದು ನನಗೆ ನೋವಿನ ಸಂಗತಿ.

ಶಾಲಾ ವ್ಯಾನಿನ ಅಣ್ಣಂದಿರೇ, ನಿಮ್ಮನ್ನು ನಂಬಿ ತಾಯಂದಿರು ಮಗುವಿನ ಕೈ ಬಿಡುತ್ತಾರೆ. ತಾಯಂದಿರೇ, ನೀವೂ ಕೇಳಿ: ಬ್ರೇಕ್ ಯಾವಾಗ ನೋಡಿಸಿದಿರಿ, ಬಿಲ್ ತೋರಿಸಿ. ಕೇಳುವುದು ಅವಮಾನವಲ್ಲ. ಕಾರು ಮಾರುವವರೇ, ಪೆಡಲ್ ಇಳಿಯುವುದನ್ನು ಮುಚ್ಚಿಟ್ಟು ಪಾಲಿಶ್ ಹಾಕಿ ಮಾರಬೇಡಿ. ಬೆಲೆಯಲ್ಲಿ ಕೆಲವು ಸಾವಿರ ಬಿಟ್ಟುಕೊಡಿ, ಬಾಯಿಬಿಟ್ಟು ಹೇಳಿ. ಸಣ್ಣ ಹಳೆಯ ಕಾರಿಗೆ ಹೊಸ ಮಾಸ್ಟರ್ ಸಿಲಿಂಡರ್, ಎಣ್ಣೆ, ಕೂಲಿ ಎಲ್ಲ ಸೇರಿ ಆಗುವುದೂ ಕೆಲವೇ ಸಾವಿರ. ಅಷ್ಟೂ ಇಲ್ಲದ ಮನೆಗಳಿವೆ, ಬಲ್ಲೆ. ಅಂಥವರು ಗಾಡಿ ನಿಲ್ಲಿಸಿ ಬಸ್ಸು ಹತ್ತಲಿ. ನೆರೆಯವರು, ಸಂಘದವರು ಸಾಲ ಕೊಡಲಿ. ಹಬ್ಬಕ್ಕೆ ಕೈಸಾಲ ಕೊಡುವ ನಾವು ಇದಕ್ಕೂ ಕೊಡಬಲ್ಲೆವು.

ನಾಳೆ ಬೆಳಿಗ್ಗೆ ಗಾಡಿ ಹೊರಡಿಸುವ ಮುನ್ನ ಇಷ್ಟು ಮಾಡಿ. ಇಂಜಿನ್ ಆಫ್ ಇರುವಾಗ ಬ್ರೇಕನ್ನು ನಾಲ್ಕೈದು ಸಲ ಒತ್ತಿ ಗಟ್ಟಿಯಾಗಿ ಹಿಡಿದುಕೊಳ್ಳಿ, ಹಾಗೇ ಸ್ಟಾರ್ಟ್ ಮಾಡಿ. ಪೆಡಲ್ ಒಮ್ಮೆ ಸ್ವಲ್ಪ ಇಳಿಯುತ್ತದೆ, ಅದು ಬೂಸ್ಟರ್‌ನ ಕೆಲಸ. ಆಮೇಲೆ ಅದೇ ಒತ್ತಿನಲ್ಲಿ ಅರ್ಧ ನಿಮಿಷ ಹಿಡಿದುಕೊಂಡೇ ಇರಿ. ನಿಂತಲ್ಲೇ ನಿಂತರೆ ಹೊರಡಿ. ಮತ್ತೆ ಇಳಿಯುತ್ತಾ ಹೋದರೆ ಇಂಜಿನ್ ಆರಿಸಿ, ಕೀ ತೆಗೆದು ಮನೆಯೊಳಗಿಡಿ, ಮೆಕ್ಯಾನಿಕ್‌ನನ್ನು ಗಾಡಿಯಿದ್ದಲ್ಲಿಗೇ ಕರೆಸಿ. ದುರಸ್ತಿ ಮುಗಿಯುವವರೆಗೆ ಆ ಗಾಡಿಯಲ್ಲಿ ಯಾರನ್ನೂ ಕೂರಿಸಬೇಡಿ.