ಯುರೋಪಿನ ಚಿತ್ರಗಳನ್ನು ನಾವು ನೋಡುವ ಬಗೆ

ಕಳೆದ ಮಳೆಗಾಲದ ಒಂದು ಭಾನುವಾರ, ಅಂಬಲಮುಗಳಿನ ನಮ್ಮ ಬಿಡಾರದಲ್ಲಿ ಏಳೆಂಟು ಮಂದಿ ಕನ್ನಡದ ಮಕ್ಕಳನ್ನು ಕೂರಿಸಿಕೊಂಡು 'ಬೈಸಿಕಲ್ ಥೀವ್ಸ್' ಎಂಬ ಇಟಲಿಯ ಚಿತ್ರವನ್ನು ನೋಡಿದೆವು. ಇವರೆಲ್ಲ ಇಲ್ಲಿಯ ಎಣ್ಣೆ ಶುದ್ಧೀಕರಣದ ಕಾರ್ಖಾನೆಯಲ್ಲಿಯೂ ಅದರ ಸುತ್ತಣ ಗುತ್ತಿಗೆಯ ಕೆಲಸಗಳಲ್ಲಿಯೂ ದುಡಿಯುವವರ ಮಕ್ಕಳು. ಚಿತ್ರವು ಅರ್ಧಕ್ಕೆ ಬರುವ ಹೊತ್ತಿಗೆ ಒಬ್ಬ ಹುಡುಗನು ಗಟ್ಟಿಯಾಗಿ ನಕ್ಕು, "ಒಂದು ಹಳೇ ಸೈಕಲ್ಲಿಗೆ ಇಷ್ಟು ಗೋಳೇ ಮೇಷ್ಟ್ರೇ? ಇನ್ನೊಂದು ಕೊಂಡರಾಯಿತಲ್ಲ!" ಎಂದನು. ಉಳಿದವರೂ ನಕ್ಕರು.

ನಮಗೆ ನಗು ಬರಲಿಲ್ಲ. ಏಕೆಂದರೆ ಇದೇ ಹುಡುಗನು ಯುಗಾದಿಯ ಸಂಜೆ ಮುಖ ಸಣ್ಣದು ಮಾಡಿಕೊಂಡು ನಮ್ಮಲ್ಲಿಗೆ ಬಂದಿದ್ದನು. ಹಬ್ಬದ ದಿನ ಬೇವಿನೆಲೆ ತಿನ್ನುವ ಜನ ಇವರು ಎಂದು ಆಟದ ಗೆಳೆಯರು ಅವನನ್ನು ಗೇಲಿ ಮಾಡಿದ್ದರಂತೆ. ಆ ಗೆಳೆಯರು ಕೆಟ್ಟವರಲ್ಲ. ಬೇವಿನ ಜೊತೆಗೆ ಬೆಲ್ಲವೂ ಉಂಟೆಂಬುದನ್ನು, ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಳ್ಳುವುದರಲ್ಲಿ ಏನನ್ನು ಹೇಳುತ್ತೇವೆಂಬುದನ್ನು ಅವರಿಗೆ ಯಾರೂ ತಿಳಿಸಿರಲಿಲ್ಲ, ಅಷ್ಟೆ. ಅಂದು ಆ ಹುಡುಗನು ಅನುಭವಿಸಿದ್ದನ್ನೇ ಈಗ ರೋಮ್ ನಗರದ ಬಡವನಿಗೆ ತಾನೇ ಮಾಡುತ್ತಿದ್ದನು.

ಚಿತ್ರವನ್ನು ನಿಲ್ಲಿಸಿ ಕೆಲವು ಮಾತು ಹೇಳಿದೆವು. ವಿತ್ತೋರಿಯೊ ದೆ ಸಿಕಾ ಇದನ್ನು ತೆಗೆದದ್ದು 1948ರಲ್ಲಿ. ಮಹಾಯುದ್ಧ ಮುಗಿದು ಇನ್ನೂ ಮೂರೇ ವರ್ಷ. ಸೋತು ಸುಣ್ಣವಾದ ದೇಶದಲ್ಲಿ ಕೆಲಸಕ್ಕಾಗಿ ಜನ ಕಚೇರಿಯ ಮೆಟ್ಟಿಲಲ್ಲಿ ಕಾದು ನಿಲ್ಲುತ್ತಿದ್ದರು. ಕಥಾನಾಯಕನಿಗೆ ಗೋಡೆಗೆ ಭಿತ್ತಿಪತ್ರ ಅಂಟಿಸುವ ಕೆಲಸ ಸಿಕ್ಕಿದೆ. ಆದರೆ ಸೈಕಲ್ ಇದ್ದವನಿಗೆ ಮಾತ್ರ ಆ ಕೆಲಸ. ಸೈಕಲ್ಲೋ ಅಡವಿನಲ್ಲಿದೆ. ಹೆಂಡತಿಯು ಹಾಸಿಗೆಯ ಮೇಲಣ ಹೊದಿಕೆಗಳನ್ನೇ ಎಳೆದು, ಒಯ್ದು, ಒತ್ತೆಯಿಟ್ಟು ಅದನ್ನು ಬಿಡಿಸುತ್ತಾಳೆ. ಆ ಗಂಟನ್ನು ಇಡಲು ಅಂಗಡಿಯವನು ಏಣಿಯಂಥ ಅಟ್ಟಣಿಗೆಯನ್ನು ಹತ್ತುತ್ತಾನೆ. ಮೇಲೆ ನೋಡಿದರೆ ಸೂರಿನವರೆಗೂ ಅಂಥವೇ ಗಂಟುಗಳು. ಒಂದು ಮಾತೂ ಇಲ್ಲದೆ ಇಡೀ ಊರಿನ ಅವಸ್ಥೆ ಅಲ್ಲಿ ಕಾಣುತ್ತದೆ. ನಾಯಕನ ಪಾತ್ರ ವಹಿಸಿದ ಲಾಂಬೆರ್ತೊ ಮಜ್ಜೊರಾನಿ ನಟನೂ ಅಲ್ಲ, ಕಾರ್ಖಾನೆಯ ಕೆಲಸಗಾರ ಎಂದಾಗ ಮಕ್ಕಳು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಮೂಲೆಯಲ್ಲಿದ್ದ ಹುಡುಗಿಯೊಬ್ಬಳು ಮೆಲ್ಲಗೆ, "ನಮ್ಮಮ್ಮನ ಬಳೆಯೂ ಬ್ಯಾಂಕಿನಲ್ಲಿದೆ" ಎಂದಳು. ಆಮೇಲೆ ಯಾರೂ ನಗಲಿಲ್ಲ.

ಬಡತನವಾದರೆ ಹೀಗೆ ಬೇಗ ಹೃದಯಕ್ಕೆ ಮುಟ್ಟುತ್ತದೆ. ನಮ್ಮಲ್ಲಿಲ್ಲದ ಬಾಳನ್ನು ಕುರಿತ ಚಿತ್ರ ಬಂದಾಗಲೇ ಕಷ್ಟ. ಇಲ್ಲಿ ನಾವೇ ಎಡವಿದ ಸಂಗತಿಯನ್ನು ಹೇಳಿಕೊಳ್ಳಬೇಕು. ಪೋಲೆಂಡಿನ ಕೀಶ್ಲೋವ್‌ಸ್ಕಿ ಎಂಬ ನಿರ್ದೇಶಕನು 1980ರ ದಶಕದ ಕೊನೆಯಲ್ಲಿ ತನ್ನ ನಾಡಿನ ಟೆಲಿವಿಷನ್ನಿಗಾಗಿ 'ಡೆಕಲಾಗ್' ಎಂಬ ಹತ್ತು ಚಿತ್ರಗಳನ್ನು ಮಾಡಿದನು. ಬೈಬಲಿನ ಹತ್ತು ಕಟ್ಟಳೆಗಳೇ ಅವುಗಳ ಹಿನ್ನೆಲೆ. ಮೊದಲನೆಯದರಲ್ಲಿ ಒಬ್ಬ ಪ್ರಾಧ್ಯಾಪಕನು ಕೆರೆಯ ನೀರು ಎಷ್ಟು ಗಟ್ಟಿಯಾಗಿ ಹೆಪ್ಪುಗಟ್ಟಿದೆಯೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಮಗನಿಗೆ ಜಾರಾಟವಾಡಲು ಅಪ್ಪಣೆ ಕೊಡುತ್ತಾನೆ. ಮಂಜುಗಡ್ಡೆ ಒಡೆಯುತ್ತದೆ, ಮಗು ಸಾಯುತ್ತದೆ. ಹುಡುಗನ ಅತ್ತೆಯು ದೈವಭಕ್ತೆ. ನಾವು ನೋಡಿದ ಕೂಡಲೇ ತೀರ್ಪು ಕೊಟ್ಟೆವು: ಇದು ಹಿರಣ್ಯಕಶಿಪುವಿನ ಕಥೆ, ದೇವರನ್ನು ನಂಬದವನಿಗೆ ಶಿಕ್ಷೆಯಾಯಿತು! ಎರಡು ವರ್ಷ ಹಾಗೆಯೇ ನಂಬಿದ್ದೆವು. ಕೆಲವರಿಗೆ ಪಾಠವಾಗಿ ಹೇಳಿದ್ದೂ ಉಂಟು.

ಆಮೇಲೆ ಆ ನಾಡನ್ನು ಕುರಿತು ಒಂದಿಷ್ಟು ಓದಿದಾಗ ನಮ್ಮ ತಪ್ಪು ತಿಳಿಯಿತು. ಅಲ್ಲಿ 1989ರವರೆಗೆ ಕಮ್ಯೂನಿಸ್ಟ್ ಆಡಳಿತವಿತ್ತು. ಆದರೂ ಜನರ ಬಾಳಿನಲ್ಲಿ ಇಗರ್ಜಿಯು ಬೇರೂರಿತ್ತು. ದೇವರನ್ನು ನಂಬದಿರುವುದು ಅಲ್ಲಿಯ ವಿದ್ಯಾವಂತನಲ್ಲಿ ದೈತ್ಯನ ಸೊಕ್ಕಲ್ಲ, ಸಾಧಾರಣ ಸಂಗತಿ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯೋ ಅಲ್ಲಿಯ ಮಕ್ಕಳಿಗೆ ಆಟದ ಬಯಲು. ಮಂಜುಗಡ್ಡೆಯನ್ನು ಮೀನಿನ ಪೆಟ್ಟಿಗೆಯಲ್ಲಿ ಮಾತ್ರ ಕಂಡ ಕೊಚ್ಚಿಯವರಿಗೆ ಇದು ಹೊಳೆಯುವುದು ಹೇಗೆ? ಮಳೆಗಾಲದಲ್ಲಿ ಮಗನನ್ನು ಈಜಲು ಕಳುಹಿಸುವ ಮುನ್ನ ಹೊಳೆಯ ಸೆಳೆತವನ್ನು ನೋಡಿ ಬರುವ ತಂದೆಯನ್ನು ನೆನೆದರೆ ಆ ಪ್ರಾಧ್ಯಾಪಕನು ಅರ್ಥವಾದಾನು. ಅವನು ಮಗನನ್ನು ಪ್ರೀತಿಸುತ್ತಾನೆ. ಅದಕ್ಕಾಗಿಯೇ ಲೆಕ್ಕ ಹಾಕುತ್ತಾನೆ. ಕೊನೆಯಲ್ಲಿ ಅವನು ಇಗರ್ಜಿಗೆ ಹೋಗಿ ಪೂಜಾಪೀಠವನ್ನೇ ಉರುಳಿಸುತ್ತಾನೆ. ಮೇಣದಬತ್ತಿಯ ಮೇಣ ಹನಿಹನಿಯಾಗಿ ಮಾತೆ ಮೇರಿಯ ಚಿತ್ರದ ಕೆನ್ನೆಯ ಮೇಲೆ ಕಣ್ಣೀರಿನಂತೆ ಇಳಿಯುತ್ತದೆ. ಗೆದ್ದವರು ಅಲ್ಲಿ ಯಾರೂ ಇಲ್ಲ. ನಾವು ಪ್ರಹ್ಲಾದನ ಕಂಬವನ್ನು ವಾರ್ಸಾದಲ್ಲಿ ನೆಟ್ಟಿದ್ದೆವು.

ಇದಕ್ಕೆ ವಿರುದ್ಧವಾದ ಇನ್ನೊಂದು ದೋಷವೂ ಉಂಟು. 1996ರಲ್ಲಿ ಆರಂಭವಾದ ಕೇರಳದ ಅಂತರರಾಷ್ಟ್ರೀಯ ಚಿತ್ರೋತ್ಸವವು ಡಿಸೆಂಬರಿನಲ್ಲಿ ತಿರುವನಂತಪುರದಲ್ಲಿ ನಡೆಯುತ್ತದೆ. ಅದನ್ನು ನೋಡಿ ಬರುವ ನಮ್ಮವರಲ್ಲಿ ಕೆಲವರು, ಅರ್ಥವಾಗದ್ದೆಲ್ಲ ಶ್ರೇಷ್ಠವೆಂಬ ಮುಖ ಹೊತ್ತು ರೈಲಿನಿಂದ ಇಳಿಯುತ್ತಾರೆ. (ಮೊದಲ ಸಲ ಹೋದಾಗ ನಾವೂ ಹಾಗೆಯೇ ಇಳಿದೆವು; ಪರದೆಯ ಕೆಳಗಣ ಇಂಗ್ಲಿಷ್ ಅಕ್ಷರಗಳು ಓದಿ ಮುಗಿಸುವ ಮೊದಲೇ ಮಾಯವಾಗುತ್ತಿದ್ದುದನ್ನು ಯಾರಿಗೂ ಹೇಳಲಿಲ್ಲ.) ಇದೂ ಗೌರವವಲ್ಲ. ಯುರೋಪಿನವರೇ ತಮ್ಮ ಚಿತ್ರಗಳನ್ನು ಕುರಿತು ಜಗಳವಾಡಿದ್ದಾರೆ. ದೆ ಸಿಕಾ 1952ರಲ್ಲಿ 'ಉಂಬೆರ್ತೊ ಡಿ' ಚಿತ್ರವನ್ನು ಹೊರತಂದಾಗ, ಇದು ಇಟಲಿಗೆ ಕೆಟ್ಟ ಹೆಸರು ತರುತ್ತದೆಂದು ಅಲ್ಲಿಯ ಸರ್ಕಾರದ ಆಂದ್ರೆಯೊತ್ತಿ ಬಹಿರಂಗವಾಗಿಯೇ ಆಕ್ಷೇಪಿಸಿದನು. ಆದುದರಿಂದ ಅವರ ನಾಡನ್ನು ತಿಳಿದು ನೋಡುವುದೆಂದರೆ ತಲೆದೂಗುವುದೆಂದು ಯಾರೂ ಭಾವಿಸಬೇಕಾಗಿಲ್ಲ. ತಿಳಿದ ಮೇಲೂ ಬೇಸರ ತರುವ ಚಿತ್ರಗಳು ಬೇಕಾದಷ್ಟಿವೆ.

ಇದೆಲ್ಲ ಹೆಚ್ಚು ಓದಿದವರ ಕೆಲಸವೆಂದು ನೀವು ಹೇಳಬಹುದು. ಶಿವಮೊಗ್ಗ ಜಿಲ್ಲೆಯ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲಿ ಚಿತ್ರಸಮಾಜವನ್ನು ಕಟ್ಟಿ, ಅಡಕೆ ತೋಟದ ಜನರಿಗೆ ಹೊರದೇಶಗಳ ಚಿತ್ರಗಳನ್ನು ತೋರಿಸಿತು. ಅವುಗಳನ್ನು ನೋಡುವ ಬಗೆಯನ್ನು ಕಲಿಸಲು ರಸಗ್ರಹಣ ಶಿಬಿರಗಳನ್ನೂ ನಡೆಸಿತು. ಹೇಳಿದ್ದು ಕನ್ನಡದಲ್ಲಿಯೇ. ಎಸ್.ಎಸ್.ಎಲ್.ಸಿ.ವರೆಗೂ ಕನ್ನಡದಲ್ಲಿಯೇ ಕಲಿತ ನಮಗೆ ಇದು ದೊಡ್ಡ ಧೈರ್ಯ. ಇನ್ನು ಇದನ್ನು ತಿರುಗಿಸಿ ನೋಡಿ: ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಚಿತ್ರದಲ್ಲಿ ಬದುಕಿರುವ ಹೆಣ್ಣಿಗೆ ಶ್ರಾದ್ಧ ಮಾಡಿ ಅವಳನ್ನು ಹೊರಹಾಕುತ್ತಾರೆ. ಅಲ್ಲಿ ಮಡಕೆ ಒಡೆಯುವುದನ್ನು ನೋಡಿದ ವಾರ್ಸಾದ ಹುಡುಗನು, "ಒಂದು ಮಡಕೆಗೆ ಇಷ್ಟು ಗೋಳೇ?" ಎಂದು ನಕ್ಕರೆ ನಮಗೆ ಹೇಗಾದೀತು?

ಅಂದಿನ ಭಾನುವಾರ ಚಿತ್ರ ಮುಗಿದಾಗ ಕತ್ತಲಾಗಿತ್ತು, ಮಳೆ ನಿಂತಿರಲಿಲ್ಲ. ಮೊದಲು ನಕ್ಕಿದ್ದ ಹುಡುಗನು ಬಾಗಿಲಲ್ಲಿ ಕೊಡೆ ಬಿಚ್ಚುತ್ತ, "ಆ ಹೊದಿಕೆಗಳನ್ನು ಆಮೇಲೆ ಬಿಡಿಸಿಕೊಂಡರೇ ಮೇಷ್ಟ್ರೇ?" ಎಂದು ಕೇಳಿದನು. ಚಿತ್ರದಲ್ಲಿ ಅದನ್ನು ತೋರಿಸಿಲ್ಲವೆಂದು ಹೇಳಿದೆವು. ಅವನು ಸ್ವಲ್ಪ ಹೊತ್ತು ಅಲ್ಲಿಯೇ ನಿಂತಿದ್ದು, ಬಳಿಕ ತಂಗಿಯ ಕೈ ಹಿಡಿದು ಹೊರಟನು.