ಕ್ಲಚ್ ಬೇಕಾ, ಬೇಡ್ವಾ? (ಗೇರ್ ಮಾತು – ಭಾಗ 4)

ಡಿಎಂನಲ್ಲಿ ಹೆಚ್ಚು ಬರೋ ಪ್ರಶ್ನೆ ಇದು: "ಗುರು, ದಿನಾ ಆಫೀಸಿಗೂ ಹೋಗ್ಬೇಕು, ವರ್ಷಕ್ಕೆ ಎರಡ್ಮೂರು ಸಲ ಟ್ರ್ಯಾಕ್‌ಗೂ ಹೋಗ್ಬೇಕು. ಮ್ಯಾನುವಲ್ಲಾ, ಆಟೋಮ್ಯಾಟಿಕ್ಕಾ?" ಇದನ್ನ ಕಾಮೆಂಟಲ್ಲಿ ಕೇಳಿದ್ರೆ ಜಗಳವೇ ಶುರು. ಕ್ಲಚ್ ತುಳಿಯೋನೇ ಗಂಡಸು ಅನ್ನೋ ಥರ ಮಾತಾಡೋರೂ ಇದ್ದಾರೆ, ಅವರನ್ನ ಬಿಡಿ.

ಮೊದಲು ಗಡಿಯಾರದ ವಿಷಯ ಮುಗಿಸೋಣ. ಅಲ್ಲಿ ಮ್ಯಾನುವಲ್ ಸೋತು ಯಾವುದೋ ಕಾಲ ಆಯ್ತು. 1989ರ ಬ್ರೆಜಿಲ್ ಗ್ರ್ಯಾನ್ ಪ್ರೀಗೆ ಫೆರಾರಿ 640 ಸ್ಟಿಯರಿಂಗ್ ಹಿಂದೆ ಪ್ಯಾಡಲ್ ಇಟ್ಕೊಂಡು ಬಂತು, ಆ ಮೊದಲ ರೇಸನ್ನೇ ನೈಜೆಲ್ ಮ್ಯಾನ್ಸೆಲ್ ಗೆದ್ದರು. ಕೆಲವೇ ವರ್ಷಗಳಲ್ಲಿ ಇಡೀ ಫಾರ್ಮುಲಾ ಒನ್ ಅದೇ ದಾರಿ ಹಿಡೀತು. ರಸ್ತೆ ಕಾರಲ್ಲಿ ಬೇಕಾ? 2017ರ ಪೋರ್ಷೆ 911 ಜಿಟಿ3 ನೋಡಿ. ಒಂದೇ ಎಂಜಿನ್, ಸೊನ್ನೆಯಿಂದ 100ಕ್ಕೆ ಪಿಡಿಕೆ ಗೇರ್‌ಬಾಕ್ಸಲ್ಲಿ 3.4 ಸೆಕೆಂಡ್, ಮ್ಯಾನುವಲ್‌ನಲ್ಲಿ 3.9.

ಆದ್ರೆ ಅದೇ ಜಿಟಿ3 ಕಥೆಯ ಇನ್ನೊಂದು ಮುಖ ಕೇಳಿ. 2013ರಲ್ಲಿ ಪೋರ್ಷೆ ಅದನ್ನ ಪಿಡಿಕೆ ಮಾತ್ರ ಅಂತ ಬಿಟ್ಟಿತ್ತು. ಅಭಿಮಾನಿಗಳು ಸಿಟ್ಟಾದ್ರು. 2016ರಲ್ಲಿ ಮ್ಯಾನುವಲ್ ಮಾತ್ರ ಇರೋ 911 ಆರ್ ಬಂತು, ಬರೀ 991 ಕಾರು. ಮರುವರ್ಷ ಜಿಟಿ3ಗೂ ಮ್ಯಾನುವಲ್ ವಾಪಸ್. ಅರ್ಧ ಸೆಕೆಂಡ್ ನಿಧಾನ ಅಂತ ಮಾರಿದೋರಿಗೂ ಗೊತ್ತು, ಕೊಂಡೋರಿಗೂ ಗೊತ್ತು.

ಈಗ ನಮ್ಮ ಜೇಬಿನ ಮಾತು. ಇಲ್ಲಿ "ಆಟೋಮ್ಯಾಟಿಕ್" ಅನ್ನೋ ಒಂದೇ ಪದದ ಹಿಂದೆ ಬೇರೆ ಬೇರೆ ಯಂತ್ರಗಳು ಅಡಗಿವೆ. ಎಎಂಟಿ ಅಂದ್ರೆ ಮ್ಯಾನುವಲ್ ಡಬ್ಬವೇ, ನಿಮ್ಮ ಕಾಲಿನ ಕೆಲಸ ಒಂದು ಆಕ್ಚುಯೇಟರ್ ಮಾಡುತ್ತೆ. ಪ್ರತಿ ಗೇರಿಗೂ ತಲೆ ಮುಂದಕ್ಕೆ ವಾಲುತ್ತೆ. ಸಿವಿಟಿಯಲ್ಲಿ ಗೇರೇ ಇಲ್ಲ, ಬೆಲ್ಟು-ಪುಲ್ಲಿ. ಒತ್ತಿದ್ರೆ ಮೊದಲು ಸದ್ದು ಬರುತ್ತೆ, ಆಮೇಲೆ ಕಾರು. ಟಾರ್ಕ್ ಕನ್ವರ್ಟರ್ ಪರವಾಗಿಲ್ಲ. ಪಿಡಿಕೆಯ ನಿಜವಾದ ನೆಂಟ ಅಂದ್ರೆ ಡಿಸಿಟಿ ಮಾತ್ರ. ಎರಡು ಕ್ಲಚ್, ಮುಂದಿನ ಗೇರ್ ಆಗಲೇ ರೆಡಿ. ಎಎಂಟಿ, ಸಿವಿಟಿ ಎದುರು ಟ್ರ್ಯಾಕ್‌ಗೆ ಮ್ಯಾನುವಲ್ಲೇ, ಚರ್ಚೆನೇ ಬೇಡ.

ಡಿಸಿಟಿ ವಿಷಯದಲ್ಲಿ ಮಾತ್ರ ಯೋಚನೆ ಮಾಡ್ಬೇಕು. ಬೆಂಗಳೂರಿನಿಂದ ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಚೆನ್ನೈ ಹತ್ತಿರದ ಟ್ರ್ಯಾಕ್‌ಗೋ ಮೊದಲ ಸಲ ಹೋಗೋರಿಗೆ ಡಿಸಿಟಿ ಒಳ್ಳೇದೇ. ಎಲ್ಲಿ ಬ್ರೇಕ್ ಹಿಡೀಬೇಕು, ತಿರುವಲ್ಲಿ ಎಲ್ಲಿ ನೋಡಬೇಕು ಅನ್ನೋದಕ್ಕೇ ತಲೆ ತುಂಬಿರುತ್ತೆ. ಆ ಗಾಬರಿಯಲ್ಲಿ ಐದರಿಂದ ನಾಲ್ಕಕ್ಕೆ ಹಾಕಲು ಹೋಗಿ ಎರಡಕ್ಕೆ ಬಿದ್ರೆ, ಚಕ್ರಗಳೇ ಎಂಜಿನ್ನನ್ನ ಮಿತಿ ಮೀರಿ ತಿರುಗಿಸ್ತವೆ. ರೆವ್ ಲಿಮಿಟರ್‌ಗೆ ಅದನ್ನ ತಡೆಯೋಕಾಗಲ್ಲ. ಇದಕ್ಕೆ ಮನಿ ಶಿಫ್ಟ್ ಅಂತ ಸುಮ್ನೆ ಹೆಸರಿಟ್ಟಿಲ್ಲ, ಎಂಜಿನ್ನೇ ಹೋಗಬಹುದು. ಡಿಸಿಟಿ ಆದ್ರೆ ಆ ಗೇರ್ ಕೊಡೋದೇ ಇಲ್ಲ.

ಆದ್ರೆ ಟ್ರ್ಯಾಕಿನ ರುಚಿ ಹತ್ತಿ ಮತ್ತೆ ಮತ್ತೆ ಹೋಗೋರಿಗೆ ನನ್ನ ವೋಟು ಮ್ಯಾನುವಲ್‌ಗೇ. ಬ್ರೇಕ್ ಮೇಲೆ ಬೆರಳು, ಆಕ್ಸಿಲರೇಟರ್ ಮೇಲೆ ಪಾದದ ಅಂಚು (ಎರಡನೇ ಫೋಟೋ ನೋಡಿ), ಆರ್‌ಪಿಎಂ ಹೊಂದಿಸಿ ಗೇರ್ ಇಳಿಸೋದು, ಎಲ್ಲಾ ತಿರುವಿಗೆ ಮುಂಚೆನೇ ಮುಗೀಬೇಕು. ಇದು ಕೈಗೆ ಬಂದ್ರೆ ಕಾರಿನ ತೂಕ ಎತ್ತ ಹೋಗ್ತಿದೆ ಅನ್ನೋದು ಬೆನ್ನಿಗೇ ಗೊತ್ತಾಗುತ್ತೆ. ಚಾರ್ಮಾಡಿ ಇಳಿಯುವಾಗಲೂ ಅದೇ ಪಾಠ ಕೆಲಸಕ್ಕೆ ಬರುತ್ತೆ. ಖರ್ಚೂ ನೋಡಿ. ಮ್ಯಾನುವಲ್ ಕ್ಲಚ್ ಪ್ಲೇಟನ್ನ ಊರಿನ ಗ್ಯಾರೇಜಲ್ಲೂ ಬದಲಾಯಿಸ್ತಾರೆ. ಡ್ರೈ ಕ್ಲಚ್ ಡಿಸಿಟಿ ಸಿಲ್ಕ್ ಬೋರ್ಡ್ ಜಾಮಲ್ಲಿ ತೆವಳಿ ತೆವಳಿ ಬಿಸಿಯಾಗಿ ಕೈಕೊಟ್ರೆ ಬಿಲ್ ಬೇರೆ ಲೆಕ್ಕದಲ್ಲೇ ಬರುತ್ತೆ.

ನಮ್ಮಲ್ಲೂ ಕೇಳಿದ್ರೆ ಕೊಡ್ತಾರೆ. ವರ್ಟಸ್ 1.5 ಲೀಟರ್ ಮೊದಲು ಡಿಎಸ್‌ಜಿ ಮಾತ್ರ ಇತ್ತು, 2023ರಲ್ಲಿ ಮ್ಯಾನುವಲ್ ಬಂತು. ಅದೇ ವರ್ಷ ಐ20 ಎನ್ ಲೈನ್‌ನಲ್ಲಿ ಕ್ಲಚ್ ಪೆಡಲ್ ಇಲ್ಲದ ಐಎಂಟಿ ಹೋಗಿ ಸರಿಯಾದ ಆರು ಗೇರಿನ ಮ್ಯಾನುವಲ್ ಬಂತು. "ಮ್ಯಾನುವಲ್ ಉಳಿಸಿ" ಅಂತ ಸ್ಟೋರಿ ಹಾಕಿ ಆಟೋಮ್ಯಾಟಿಕ್ ಬುಕ್ ಮಾಡೋರೇ, ಇನ್ನು ನಿಮ್ಮಿಷ್ಟ.

"ಮ್ಯಾನುವಲ್ ಡೆಮೊ ಗಾಡಿ ಇಲ್ಲ ಸರ್" ಅಂತ ಶೋರೂಮಲ್ಲಿ ಅಂದ್ರೆ ಒಪ್ಕೊಂಡು ಬರಬೇಡಿ. ಇನ್ನೊಬ್ಬ ಡೀಲರ್ ಹತ್ರ ಹೋಗಿ, ಎರಡನ್ನೂ ಓಡಿಸಿ, ಆಮೇಲೆ ಅಡ್ವಾನ್ಸ್ ಕೊಡಿ.

ಭಾಗ 5: ಬ್ರೇಕ್ ಪ್ಯಾಡ್.