ಬಿರುಕಿಗೆ ಬಣ್ಣ ಬಳಿಯುವ ಮುನ್ನ

ಸೋಲೇ ಗೆಲುವಿನ ಸೋಪಾನ ಎಂಬ ಮಾತನ್ನು ಶಾಲೆಯ ಗೋಡೆಯ ಮೇಲೆ ಓದಿಕೊಂಡು ಬೆಳೆದವರು ನಾವು. ಬಿಡುವಿನ ವೇಳೆಯಲ್ಲಿ ಮರಗೆಲಸ ಹಿಡಿದ ಮೇಲೆ ಅದು ಅರ್ಧಸತ್ಯವೆಂದು ನನಗೆ ಅನ್ನಿಸತೊಡಗಿದೆ. ಸೋಲು ತಾನಾಗಿ ಏನನ್ನೂ ಕಲಿಸುವುದಿಲ್ಲ. ಎಷ್ಟೋ ಸಲ ತಪ್ಪು ಪಾಠವನ್ನೇ ಕಲಿಸಿ ಕಳುಹಿಸುತ್ತದೆ.

ಕೆಲವು ವರ್ಷಗಳ ಹಿಂದೆ, ದೆಹಲಿಯ ಮಳೆಗಾಲದಲ್ಲಿ, ಮಾವಿನ ಮರದ ನಾಲ್ಕು ಹಲಗೆಗಳನ್ನು ತಂದು ಓದುವ ಮೇಜೊಂದನ್ನು ಮಾಡಿದೆ. ಹಲಗೆಗಳನ್ನು ಅಂಟಿನಿಂದ ಜೋಡಿಸಿ, ಕೆಳಗೆ ಎರಡು ಅಡ್ಡಪಟ್ಟಿಗಳನ್ನಿಟ್ಟು, ಎಲ್ಲಿಯೂ ಅಲುಗಾಡಬಾರದೆಂದು ತಿರುಪುಗಳನ್ನು ಬಿಗಿದೆ. ಮನೆಗೆ ಬಂದ ಕನ್ನಡದ ಗೆಳೆಯರೆಲ್ಲ ಹೊಗಳಿದರು. ಮರುವರ್ಷದ ಮೇ ತಿಂಗಳಲ್ಲಿ, ಬಿಸಿಗಾಳಿ ಬೀಸುತ್ತಿದ್ದ ಒಂದು ರಾತ್ರಿ, ಪಟಾಕಿ ಸಿಡಿದಂಥ ಸದ್ದಾಯಿತು. ಬೆಳಿಗ್ಗೆ ನೋಡಿದರೆ ಮೇಜಿನ ಉದ್ದಕ್ಕೂ ಕಾಲು ಅಂಗುಲದ ಬಿರುಕು.

ನಾನು ಮಾಡಿದ ಮೊದಲ ಕೆಲಸವೆಂದರೆ ಬಿರುಕಿಗೆ ಮರದ ಹೊಟ್ಟು ಮತ್ತು ಅಂಟನ್ನು ತುಂಬಿ ಬಣ್ಣ ಬಳಿದದ್ದು. ಎರಡನೆಯದು, ಮಾವು ಅಗ್ಗದ ಮರ, ಅದರ ಹಣೆಬರಹವೇ ಇಷ್ಟು ಎಂದು ತೀರ್ಪು ಕೊಟ್ಟದ್ದು. ಆ ತೀರ್ಪನ್ನು ನಂಬಿ ದುಬಾರಿ ಶೀಶಮ್ ತಂದು, ಅದೇ ವಿಧಾನದಲ್ಲಿ ಚಿಕ್ಕ ಪೀಠವೊಂದನ್ನು ಮಾಡಿದೆ. ಅದೂ ಸೀಳಿತು. ಇತ್ತ ಮಳೆಗಾಲ ಮರಳಿ ಬಂದಾಗ ಮೇಜಿನ ಹಲಗೆಗಳು ಪುನಃ ಹಿಗ್ಗಿದವು. ತಾವು ಮರಳಿ ಸೇರಬೇಕಾದ ಜಾಗವನ್ನು ನಾನು ಮುಚ್ಚಿಬಿಟ್ಟಿದ್ದರಿಂದ ಮೇಜು ನಡುಬೆನ್ನನ್ನು ಉಬ್ಬಿಸಿಕೊಂಡು ನಿಂತಿತು.

ಕೊನೆಗೆ ಅದನ್ನು ಬೋರಲು ಹಾಕಿ ಬಿಚ್ಚಿದೆ. ಅಂಚಿನ ತಿರುಪುಗಳು ಬಾಗಿದ್ದವು, ನಡುವಿನವು ನೆಟ್ಟಗಿದ್ದವು. ಇಡೀ ಕಥೆ ಅಲ್ಲೇ ಇತ್ತು. ಹಸಿಮರ ಪೂರ್ತಿ ಒಣಗುವಾಗ ಎಳೆಯ ಉದ್ದಕ್ಕೆ ಶೇ. 0.1ರಿಂದ 0.2ರಷ್ಟು ಮಾತ್ರ ಕುಗ್ಗುತ್ತದೆ. ಅಗಲದಲ್ಲಿ, ವರ್ಷದ ಉಂಗುರಗಳ ಗುಂಟ, ಸಾಮಾನ್ಯವಾಗಿ ಶೇ. 5ರಿಂದ 10ರವರೆಗೆ ಕುಗ್ಗಬಹುದು. ಅಗಲದಲ್ಲಿ ಕುಗ್ಗಲು ಹೊರಟ ಹಲಗೆಯನ್ನು ನಾನು ಉದ್ದದಲ್ಲಿ ಕುಗ್ಗದ ಪಟ್ಟಿಗೆ ಕಟ್ಟಿಹಾಕಿದ್ದೆ. ಮರದ ಜಾತಿಯನ್ನು ದೂರಿ ಫಲವಿರಲಿಲ್ಲ. ಊರಿನ ಹಳೆಯ ಮನೆಯ ಬಾಗಿಲಲ್ಲಿ ಹಲಗೆಯನ್ನು ಚೌಕಟ್ಟಿನ ತೋಡಿನೊಳಗೆ ಅಂಟಿಲ್ಲದೆ ಸಡಿಲವಾಗಿ ಕೂರಿಸಿದ್ದರು. ಬೇಸಿಗೆಯಲ್ಲಿ ಲಟಲಟ ಎನ್ನುತ್ತಿದ್ದ ಅದನ್ನು ಬಾಲ್ಯದಲ್ಲಿ ಬಡಗಿಯ ಸೋಮಾರಿತನವೆಂದು ತಿಳಿದಿದ್ದೆ. ಮರಕ್ಕೆ ಉಸಿರಾಡಲು ಆತ ಬಿಟ್ಟ ಜಾಗ ಅದೆಂದು ತಿಳಿಯಲು ನನಗೆ ಎರಡು ಸೋಲು ಬೇಕಾದವು.

ಈ ಪಾಠದ ಪರೀಕ್ಷೆ ಬಂದದ್ದು ಮಗಳ ಮೂಲಕ. ಐರ್ಲೆಂಡಿನಲ್ಲಿ ಟರ್ನಿಪ್ ಗಡ್ಡೆಯನ್ನು ಕೊರೆದು ದೀಪವಿಡುತ್ತಿದ್ದ ಹ್ಯಾಲೋವೀನ್ ಹಬ್ಬ, ವಲಸಿಗರೊಂದಿಗೆ ಅಮೆರಿಕಕ್ಕೆ ಹೋಗಿ ಕುಂಬಳಕಾಯಿಯನ್ನು ಹಿಡಿದು, ಈಗ ನಮ್ಮ ವಸತಿ ಸಮುಚ್ಚಯದ ಅಂಗಳಕ್ಕೂ ಬಂದಿದೆ. ಅಕ್ಟೋಬರ್ 31ಕ್ಕೆಂದು ಅವಳು ಬಲೂನಿನ ಮೇಲೆ ಮೈದಾ ಅಂಟಿನಲ್ಲಿ ಅದ್ದಿದ ಕಾಗದವನ್ನು ಒಂದೇ ಸಂಜೆ ಆರು ಪದರ ಹಚ್ಚಿ ಕುಂಬಳಕಾಯಿಯ ಭೂತವನ್ನು ಮಾಡಿದಳು. ಮೂರನೆಯ ದಿನ ಬಲೂನನ್ನು ಒಡೆದಾಗ ಭೂತದ ಮುಖ ಒಳಕ್ಕೆ ಕುಸಿದು ಹುಳಿ ವಾಸನೆ ಹೊಡೆಯಿತು. ಅವಳು ಯಾರಿಗೂ ಹೇಳದೆ ಅದನ್ನು ಕಸದ ಬುಟ್ಟಿಗೆ ತುರುಕಿದ್ದಳು. 'ನನಗೆ ಕೈಗೆಲಸ ಬರುವುದಿಲ್ಲ' ಎಂಬುದು ಅವಳ ತೀರ್ಪು. ನನ್ನ ಮಾವಿನ ಮರದ ತೀರ್ಪಿನ ತಂಗಿಯೇ ಅದು!

ಬುಟ್ಟಿಯಿಂದ ತೆಗೆದು ಇಬ್ಬರೂ ಚಾಕುವಿನಿಂದ ಕೊಯ್ದು ನೋಡಿದೆವು. ಹೊರಗಿನ ಪದರಗಳು ಚಿಪ್ಪಿನಂತೆ ಗಟ್ಟಿ, ಒಳಗಿನವು ದೋಸೆ ಹಿಟ್ಟಿನಂತೆ ಹಸಿ. ಹೊರಚಿಪ್ಪು ಮೊದಲು ಒಣಗಿ ಒಳಗಿನ ನೀರಿಗೆ ದಾರಿಯನ್ನು ಮುಚ್ಚಿತ್ತು. ಮುಂದಿನದಕ್ಕೆ ದಿನಕ್ಕೆರಡೇ ಪದರ ಹಚ್ಚಿದಳು. ಒಂದು ಕೆನ್ನೆ ತಗ್ಗಾಯಿತಾದರೂ ಭೂತ ನಿಂತಿತು.

ಇಷ್ಟನ್ನೇ ನಾನು ಹೇಳಬೇಕೆಂದಿರುವುದು: ಬಿಚ್ಚಿ ನೋಡದ ಸೋಲು ಬರೀ ಅವಮಾನವಾಗಿ ಉಳಿಯುತ್ತದೆ. ನಮ್ಮ ಶಿಕ್ಷಣ ತಪ್ಪಿಗೆ ಕೆಂಪು ಗೆರೆ ಎಳೆದು ಮುಂದಿನ ಪುಟಕ್ಕೆ ಹೋಗುತ್ತದೆ. ನನ್ನಂಥವರು ದಿನವಿಡೀ ಬರೆಯುವ ಕಡತಗಳಲ್ಲಿ ಕೈಗೂಡದ ಕೆಲಸ 'ಕಾರಣಾಂತರಗಳಿಂದ' ಎಂಬ ಒಂದೇ ಪದದಲ್ಲಿ ಮುಗಿದುಹೋಗುತ್ತದೆ. ಎಂಥ ಅನುಕೂಲದ ಪದ! ಮರದ ಮುಂದೆ ಆ ಪದ ನಡೆಯುವುದಿಲ್ಲ. ಎಲ್ಲವನ್ನೂ ಬಿಚ್ಚಿ ನೋಡಲು ಪುರುಸೊತ್ತೆಲ್ಲಿ ಎಂದು ಕೇಳಬಹುದು. ಬಿಚ್ಚದೆ ಮಾಡಿದ ಶೀಶಮ್ ಪೀಠಕ್ಕೆ ನಾನು ತೆತ್ತ ಹಣ ಮತ್ತು ಭಾನುವಾರಗಳೇ ಅದಕ್ಕೆ ಉತ್ತರ.

ಆ ಮೇಜನ್ನು ಎಸೆದಿಲ್ಲ. ಹೊಸ ಪಟ್ಟಿಗಳಲ್ಲಿ ತಿರುಪಿನ ರಂಧ್ರಗಳನ್ನು ಉದ್ದಗೊಳಿಸಿ ಹಲಗೆ ಸರಿದಾಡಲು ಎಡೆ ಬಿಟ್ಟಿದ್ದೇನೆ. ಹಳೆಯ ಬಿರುಕಿನ ಗುರುತು ಹಾಗೆಯೇ ಇದೆ. ಅದರ ಅಡಿಯಲ್ಲಿ ಪೆನ್ಸಿಲಿನಿಂದ ಬಿರುಕಿನ ತಿಂಗಳನ್ನೂ ಕಾರಣವನ್ನೂ ಬರೆದಿದ್ದೇನೆ. ಮಗಳು ಅದರ ಕೆಳಗೆ ತನ್ನ ಭೂತದ ಕಾರಣವನ್ನೂ ಸೇರಿಸಿದ್ದಾಳೆ.